ಸಿಂಪರಣೆಗೆ ಮುನ್ನ ನೀರನ್ನೂ ಸೋಪನ್ನೂ ಅಳೆಯಿರಿ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)

ಬೆಳೆಗಳಿಗೆ ತಗಲುವ ಕೀಟ ಮತ್ತು ರೋಗಗಳ ಹತೋಟಿಗಾಗಿ ಸಿಂಪರಣೆ ಕೈಗೊಳ್ಳುವಾಗ ಯಾವ ಔಷಧ, ಎಷ್ಟು ಪ್ರಮಾಣ, ಯಾವ ಕಾಲ ಎಂಬ ಮೂರು ವಿಷಯಗಳ ಬಗ್ಗೆ ಎಲ್ಲರೂ ವಿಚಾರ ಮಾಡುತ್ತಾರೆ. ಆದರೆ ಡ್ರಮ್ಮಿನಲ್ಲಿ ತಯಾರಾದ 100 ಲೀಟರ್ ಸಿಂಪರಣಾ ದ್ರಾವಣದಲ್ಲಿ ಬಹುಪಾಲು ಇರುವುದು ನೀರೇ. ಆ ನೀರು ಎಂತಹುದು ಎಂದು ಕೇಳುವವರು ವಿರಳ. ಅದೇ ರೀತಿ, ದ್ರಾವಣವು ಎಲೆಗೆ ಹತ್ತಲೆಂದು ಸೇರಿಸುವ ಸೋಪು ಅಥವಾ ಅಂಟು ದ್ರಾವಣವನ್ನು ಅಳೆದು ಹಾಕುವವರೂ ಕಡಿಮೆ. ಔಷಧವನ್ನು ಮಿಲಿಲೀಟರಿನ ಲೆಕ್ಕದಲ್ಲಿ ಅಳೆಯುವ ಕೈಯೇ ಸೋಪನ್ನು ‘ಒಂದು ಹಿಡಿ’, ‘ಅರ್ಧ ಬಿಲ್ಲೆ’ ಎಂದು ಅಂದಾಜಿನ ಮೇಲೆ ಹಾಕುತ್ತದೆ.

ಇದರ ಪರಿಣಾಮ ಏನೆಂಬುದು ತಮಗೆ ತಿಳಿದದ್ದೇ. ಸಿಂಪರಣೆ ಮಾಡಿದ ಮೂರು ನಾಲ್ಕು ದಿನಗಳ ಮೇಲೆ ಹೊಲಕ್ಕೆ ಹೋಗಿ ನೋಡಿದರೆ ಹುಳು ಹಾಗೆಯೇ ಇರುತ್ತದೆ. ಔಷಧವೇ ಸರಿಯಿಲ್ಲವೆಂದು ಅಂಗಡಿಯವರೊಡನೆ ಮಾತಿಗೆ ಮಾತು ಬೆಳೆಯುತ್ತದೆ. ಮುಂದಿನ ಸಾರಿ ಔಷಧದ ಪ್ರಮಾಣ ಒಂದೂವರೆಯಷ್ಟೋ ಎರಡರಷ್ಟೋ ಆಗುತ್ತದೆ. ಖರ್ಚು ಏರುತ್ತದೆ, ಎಲೆ ಸುಡುತ್ತದೆ, ಸಿಂಪಡಿಸುವವನ ಮೈಗೆ ತಗಲುವ ವಿಷವೂ ಹೆಚ್ಚುತ್ತದೆ. ಔಷಧ ಕಳಪೆಯಾಗಿರುವುದೂ ಉಂಟು. ಆದರೆ ಎಷ್ಟೋ ಸಲ ತಪ್ಪು ಇರುವುದು ಔಷಧದಲ್ಲಲ್ಲ, ನೀರು ಮತ್ತು ಸೋಪಿನ ಹೊಂದಾಣಿಕೆಯಲ್ಲಿ. ಇದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ, ಅಳೆದು ನೋಡಬಹುದು. ಪ್ರಯೋಗಾಲಯದಲ್ಲಿ ಹೇಗೆ ಅಳೆಯುತ್ತಾರೆ, ಮನೆಯಲ್ಲಿ ಎಷ್ಟರಮಟ್ಟಿಗೆ ಅಳೆಯಬಹುದು ಎಂಬುದೇ ಇಂದಿನ ವಿಷಯ.

ಹನಿ ಏಕೆ ಉರುಳಿ ಬೀಳುತ್ತದೆ?

ಕೆಸುವಿನ ಎಲೆಯ ಮೇಲೆ ಅಥವಾ ತಾವರೆ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ. ಎಲೆಕೋಸು, ಈರುಳ್ಳಿ, ಬತ್ತ ಇವುಗಳ ಎಲೆಗಳೂ ಬಹುಮಟ್ಟಿಗೆ ಇದೇ ಜಾತಿಗೆ ಸೇರಿದವು. ಎಲೆಯ ಮೇಲಿರುವ ಮೇಣದ ಪದರಕ್ಕೂ ನೀರಿಗೂ ಹೊಂದಿಕೆಯಿಲ್ಲ. ಅದರ ಜೊತೆಗೆ ನೀರಿಗೆ ತನ್ನದೇ ಆದ ಒಂದು ಬಿಗುವು ಇದೆ. ಹನಿಯ ಮೇಲ್ಮೈಯಲ್ಲಿರುವ ಕಣಗಳನ್ನು ಒಳಗಿನ ಕಣಗಳು ಸದಾ ತಮ್ಮ ಕಡೆಗೆ ಸೆಳೆಯುತ್ತಿರುತ್ತವೆ. ಇದರಿಂದ ಹನಿಯ ಮೇಲ್ಮೈಯು ಬಿಗಿಯಾಗಿ ಎಳೆದು ಕಟ್ಟಿದ ತೆಳು ಪೊರೆಯಂತೆ ವರ್ತಿಸಿ ಹನಿಯನ್ನು ಗುಂಡಗೆ ಇಡುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎಂದು ಹೆಸರು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಶುದ್ಧ ನೀರಿನ ಮೇಲ್ಮೈ ಎಳೆತ ಸೆಂಟಿಮೀಟರಿಗೆ ಸುಮಾರು 72 ಡೈನ್. ಸೋಪು ಅಥವಾ ಒಳ್ಳೆಯ ಅಂಟು ದ್ರಾವಣ ಬೆರೆತಾಗ ಇದು 25 ರಿಂದ 35 ಡೈನಿಗೆ ಇಳಿಯುತ್ತದೆ. ಆಗ ಗುಂಡಗಿದ್ದ ಹನಿ ಚಪ್ಪಟೆಯಾಗಿ ಎಲೆಯ ಮೇಲೆ ಹರಡುತ್ತದೆ.

ಸೋಪು ಈ ಕೆಲಸವನ್ನು ಹೇಗೆ ಮಾಡುತ್ತದೆ? ಸೋಪಿನ ಕಣವನ್ನು ಗೊದಮೊಟ್ಟೆಗೆ ಹೋಲಿಸಬಹುದು. ಅದಕ್ಕೆ ಒಂದು ತಲೆ, ಒಂದು ಉದ್ದನೆಯ ಬಾಲ. ತಲೆಗೆ ನೀರು ಬೇಕು. ಬಾಲಕ್ಕೆ ನೀರು ಬೇಡ, ಎಣ್ಣೆ ಅಥವಾ ಮೇಣ ಬೇಕು. ಆದುದರಿಂದ ಈ ಕಣಗಳು ನೀರಿನ ಮೇಲ್ಮೈಗೆ ಬಂದು, ತಲೆಯನ್ನು ಒಳಗಿಟ್ಟು ಬಾಲವನ್ನು ಹೊರಚಾಚಿ ಸಾಲಾಗಿ ನಿಲ್ಲುತ್ತವೆ. ನೀರಿನ ಬಿಗುವು ಸಡಿಲಾಗುತ್ತದೆ. ಬೇವಿನೆಣ್ಣೆ ನೀರಿನಲ್ಲಿ ಬೆರೆಯುವುದೂ ಇದೇ ಗುಣದಿಂದ. ಬಾಲಗಳು ಎಣ್ಣೆಯ ತೊಟ್ಟನ್ನು ಹಿಡಿದುಕೊಳ್ಳುತ್ತವೆ, ತಲೆಗಳು ನೀರಿನಲ್ಲಿ ನಿಲ್ಲುತ್ತವೆ.

ಇಂತಹ ವಸ್ತುಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳಿವೆ. ತಲೆಯ ಮೇಲೆ ಋಣ ವಿದ್ಯುದಂಶವಿರುವುದು ಒಂದು ಜಾತಿ. ಸೋಪು ಮತ್ತು ಬಟ್ಟೆ ಒಗೆಯುವ ಡಿಟರ್ಜೆಂಟುಗಳ ಮುಖ್ಯ ಅಂಶ ಇದಕ್ಕೆ ಸೇರಿದವು. ಧನ ವಿದ್ಯುದಂಶವಿರುವುದು ಎರಡನೆಯ ಜಾತಿ. ಇವುಗಳಲ್ಲಿ ಕೆಲವನ್ನು ಆಸ್ಪತ್ರೆಗಳಲ್ಲಿ ಕ್ರಿಮಿನಾಶಕವಾಗಿ ಬಳಸುತ್ತಾರೆ. ಯಾವ ವಿದ್ಯುದಂಶವೂ ಇಲ್ಲದ್ದು ಮೂರನೆಯದು, ಅಂದರೆ ತಟಸ್ಥ ಜಾತಿ. ಕೃಷಿ ಸಿಂಪರಣೆಗೆಂದು ಮಾರಾಟವಾಗುವ ಅಂಟು ದ್ರಾವಣಗಳಲ್ಲಿ ಹೆಚ್ಚಿನವು ಈ ತಟಸ್ಥ ಜಾತಿಗೆ ಸೇರಿದವು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು. ಮುಂದೆ ಇದರ ಉಪಯೋಗವಿದೆ.

ಹನಿಗಳನ್ನು ಎಣಿಸಿ ಅಳೆಯುವುದು

ಪ್ರಯೋಗಾಲಯದಲ್ಲಿ ಮೇಲ್ಮೈ ಎಳೆತವನ್ನು ಹಲವು ವಿಧದಲ್ಲಿ ಅಳೆಯುತ್ತಾರೆ. ಪ್ಲಾಟಿನಂ ಉಂಗುರವನ್ನು ದ್ರಾವಣಕ್ಕೆ ತಾಗಿಸಿ, ಮೇಲಕ್ಕೆ ಎಳೆದು ಬಿಡಿಸಲು ಬೇಕಾಗುವ ಬಲವನ್ನು ಸೂಕ್ಷ್ಮ ತಕ್ಕಡಿಯಿಂದ ತಿಳಿಯುವುದು ಒಂದು ವಿಧಾನ. ಕೂದಲೆಳೆಯಷ್ಟು ಸಣ್ಣ ರಂಧ್ರದ ಗಾಜಿನ ನಳಿಕೆಯಲ್ಲಿ ದ್ರಾವಣ ಎಷ್ಟು ಎತ್ತರ ಏರುತ್ತದೆಂದು ನೋಡುವುದು ಇನ್ನೊಂದು. ಎಲ್ಲಕ್ಕಿಂತ ಸುಲಭವಾದದ್ದು ಹನಿ ಎಣಿಸುವ ವಿಧಾನ.

ಒಂದೇ ನಳಿಕೆಯ ತುದಿಯಿಂದ ಹನಿಗಳು ನಿಧಾನವಾಗಿ ಬೀಳುವಾಗ, ಮೇಲ್ಮೈ ಎಳೆತ ಹೆಚ್ಚಿದ್ದರೆ ಹನಿ ದೊಡ್ಡದಾಗಿ ಬೆಳೆದು ಆಮೇಲೆ ಬೀಳುತ್ತದೆ. ಕಡಿಮೆಯಿದ್ದರೆ ಚಿಕ್ಕದಾಗಿರುವಾಗಲೇ ಬೀಳುತ್ತದೆ. ಆದುದರಿಂದ ಒಂದೇ ಅಳತೆಯ ನೀರಿಗಿಂತ ಸೋಪಿನ ದ್ರಾವಣದಲ್ಲಿ ಹನಿಗಳ ಸಂಖ್ಯೆ ಹೆಚ್ಚು. ಲೆಕ್ಕ ಸರಳ: 72 ನ್ನು ನೀರಿನ ಹನಿಗಳ ಸಂಖ್ಯೆಯಿಂದ ಗುಣಿಸಿ, ದ್ರಾವಣದ ಹನಿಗಳ ಸಂಖ್ಯೆಯಿಂದ ಭಾಗಿಸಬೇಕು. ಉದಾಹರಣೆಗೆ, 2 ಮಿ.ಲೀ. ಮಳೆನೀರಿಗೆ 40 ಹನಿ, 2 ಮಿ.ಲೀ. ದ್ರಾವಣಕ್ಕೆ 90 ಹನಿ ಬಂದವೆಂದು ಇಟ್ಟುಕೊಳ್ಳೋಣ. ಆಗ ದ್ರಾವಣದ ಮೇಲ್ಮೈ ಎಳೆತ ಸುಮಾರು 32 ಡೈನ್ ಆಗುತ್ತದೆ.

ಈ ಪರೀಕ್ಷೆಗೆ ಸೂಜಿ ತೆಗೆದ ಹೊಸ ಪ್ಲಾಸ್ಟಿಕ್ ಸಿರಿಂಜು ಸಾಕು. ಅದನ್ನು ನೆಟ್ಟಗೆ ಹಿಡಿದು, ಒಂದೊಂದೇ ಹನಿ ತಾನಾಗಿ ಬೀಳುವಂತೆ ಬಹಳ ನಿಧಾನವಾಗಿ ಒತ್ತಬೇಕು. ಅವಸರ ಮಾಡಿದರೆ ಸೋಪಿನ ಕಣಗಳು ಮೇಲ್ಮೈಗೆ ಬಂದು ಸೇರುವ ಮೊದಲೇ ಹನಿ ಬಿದ್ದು ಲೆಕ್ಕ ತಪ್ಪುತ್ತದೆ. ಪರೀಕ್ಷೆಯನ್ನು ಸೋಪು ಅಥವಾ ಅಂಟು ದ್ರಾವಣ ಬೆರೆಸಿದ ನೀರಿನಲ್ಲಿ ಮಾತ್ರ ಮಾಡಬೇಕು. ಕೀಟನಾಶಕ ಬೆರೆತ ದ್ರಾವಣದಲ್ಲಿ ಎಂದಿಗೂ ಮಾಡಬಾರದು.

ಇಂತಹ ಅಳತೆಗಳಿಗೆ ದೊಡ್ಡ ಪ್ರಯೋಗಾಲಯವೇ ಬೇಕೆಂಬ ಅಳುಕು ಬೇಡ. ಜರ್ಮನಿಯ ಬ್ರೌನ್‌ಷ್ವೈಗ್ ನಗರದ ಆಗ್ನೆಸ್ ಪೊಕೆಲ್ಸ್ ಎಂಬ ಮಹಿಳೆ ಯಾವ ವಿಶ್ವವಿದ್ಯಾಲಯದಲ್ಲಿಯೂ ಓದಿದವರಲ್ಲ. ಮನೆಗೆಲಸದ ನಡುವೆ, ತಗಡಿನ ಒಂದು ತೊಟ್ಟಿಯಲ್ಲಿ ನೀರು ತುಂಬಿ, ಅದರ ಮೇಲ್ಮೈಯ ಮೇಲೆ ಎಣ್ಣೆ ಮುಂತಾದವು ಬೀರುವ ಪ್ರಭಾವವನ್ನು ಅಳೆದರು. ಲಾರ್ಡ್ ರೇಲಿ ಎಂಬ ಪ್ರಸಿದ್ಧ ವಿಜ್ಞಾನಿಯ ನೆರವಿನಿಂದ 1891 ರಲ್ಲಿ ಅವರ ಪತ್ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಶಾಸ್ತ್ರಕ್ಕೆ ತಳಪಾಯ ಹಾಕಿದವರಲ್ಲಿ ಅವರೂ ಒಬ್ಬರು.

ಎಷ್ಟು ಹಾಕಿದರೆ ಸಾಕು?

ಸೋಪು ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಮೆದು ನೀರಿಗೆ ಅಂಟು ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಮೇಲ್ಮೈ ಎಳೆತ ಅಳೆದರೆ, ಮೊದಮೊದಲು ಅದು ಬೇಗ ಬೇಗ ಇಳಿಯುತ್ತದೆ. ಒಂದು ಹಂತ ಮುಟ್ಟಿದ ಮೇಲೆ ಇನ್ನೆಷ್ಟು ಸೇರಿಸಿದರೂ ಇಳಿಯುವುದಿಲ್ಲ. ಮೇಲ್ಮೈಯಲ್ಲಿ ಜಾಗ ತುಂಬಿಹೋಗಿ, ಹೆಚ್ಚಾದ ಕಣಗಳು ನೀರಿನೊಳಗೆ ಬಾಲಗಳನ್ನು ಒಳಮುಖ ಮಾಡಿಕೊಂಡು ಗುಂಪುಗೂಡುತ್ತವೆ. ಈ ಗುಂಪುಗಳಿಗೆ ಮಿಸೆಲ್ ಎಂದು ಹೆಸರು. ಮೆಕ್‌ಬೇನ್ ಎಂಬ ವಿಜ್ಞಾನಿ 1913 ರಲ್ಲಿ ಈ ವಿಚಾರವನ್ನು ಮುಂದಿಟ್ಟರು. ಗುಂಪುಗೂಡಲು ಆರಂಭವಾಗುವ ಈ ಹಂತ ಒಂದೊಂದು ವಸ್ತುವಿಗೆ ಒಂದೊಂದು ರೀತಿ. ಡಿಟರ್ಜೆಂಟುಗಳಲ್ಲಿ ಬಳಕೆಯಾಗುವ ಸೋಡಿಯಂ ಲಾರಿಲ್ ಸಲ್ಫೇಟಿಗೆ ಇದು ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 2.3 ಗ್ರಾಂ. ತಟಸ್ಥ ಜಾತಿಯ ಅನೇಕ ವಸ್ತುಗಳಿಗೆ ಇದು ಲೀಟರಿಗೆ ಒಂದು ಗ್ರಾಮಿಗಿಂತಲೂ ಬಹಳ ಕಡಿಮೆ.

ಹೊಲದಲ್ಲಿ ಈ ಹಂತಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಏಕೆಂದರೆ ಎಲೆಯ ಮೇಣವೂ ಒಂದಿಷ್ಟು ಹೀರುತ್ತದೆ, ಸಿಂಪರಣೆಯ ಹನಿ ಕ್ಷಣಮಾತ್ರದಲ್ಲಿ ಎಲೆ ತಲಪುತ್ತದೆ. ಡಬ್ಬಿಯ ಮೇಲೆ ಮುದ್ರಿಸಿದ ಪ್ರಮಾಣವನ್ನು ಇದನ್ನೆಲ್ಲ ಗಮನಿಸಿಯೇ ಗೊತ್ತುಪಡಿಸಿರುತ್ತಾರೆ. ಅದನ್ನು ಮೀರಿದರೆ ಲಾಭವಿಲ್ಲ, ನಷ್ಟವಿದೆ. ದ್ರಾವಣ ಎಲೆಯ ಮೇಲೆ ನಿಲ್ಲದೆ ಅಂಚಿನಿಂದ ಸೋರಿಹೋಗುತ್ತದೆ. ಮೇಣದ ಪದರ ಕರಗಿ ಎಳೆಯ ಎಲೆಗಳು ಸುಡುತ್ತವೆ. ನೊರೆಯೆದ್ದು ಪಂಪಿನ ಒತ್ತಡ ತಪ್ಪುತ್ತದೆ.

ಗಡಸು ನೀರು ಸೋಪನ್ನು ತಿನ್ನುತ್ತದೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೆದು ನೀರಿನ ಮಾತು. ಬಯಲುಸೀಮೆಯ ಆಳವಾದ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಈ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ತಲೆಗೆ ಹಚ್ಚಿದ ಸೋಪು ನೊರೆ ಕೊಡುವುದಿಲ್ಲ, ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ ಎಂಬುದನ್ನು ಮನೆಯ ಹೆಂಗಸರು ಚೆನ್ನಾಗಿ ಬಲ್ಲರು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಇದಕ್ಕೆ ಕಾರಣ. ಇವೆರಡೂ ಸೇರಿದ ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ರೂಢಿ. ಮಳೆನೀರಿನಲ್ಲಿ ಇದು ಅತ್ಯಲ್ಪ. 180 ಮಿ.ಗ್ರಾಂ. ದಾಟಿದರೆ ಬಹಳ ಗಡಸು ನೀರೆಂದು ಎಣಿಸುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕವು 200 ಮಿ.ಗ್ರಾಂ. ಮೇಲ್ಮಿತಿಯೆಂದೂ, ಬೇರೆ ನೀರು ಸಿಗದಿದ್ದಾಗ 600 ಮಿ.ಗ್ರಾಂ. ವರೆಗೆ ಒಪ್ಪಬಹುದೆಂದೂ ಹೇಳುತ್ತದೆ. ಕುಡಿಯಲು ನಡೆಯುವ ನೀರು ಸಿಂಪರಣೆಗೂ ನಡೆಯುತ್ತದೆಂದು ಇದರ ಅರ್ಥವಲ್ಲ.

ಸೋಪು ಗಡಸು ನೀರಿಗೆ ಬಿದ್ದೊಡನೆ ಅದರ ಕಣಗಳು ಕ್ಯಾಲ್ಸಿಯಮ್ಮಿನೊಡನೆ ಸೇರಿ, ನೀರಿನಲ್ಲಿ ಕರಗದ ಮೊಸರಿನಂತಹ ಗಷ್ಟಾಗುತ್ತವೆ. ಹೀಗೆ ಗಷ್ಟಾದ ಸೋಪು ಮೇಲ್ಮೈ ಎಳೆತ ಇಳಿಸುವ ಕೆಲಸಕ್ಕೆ ಬಾರದು. ಒಂದು ಮಿಲಿಗ್ರಾಂ ಗಡಸುತನ ಸುಮಾರು 6 ಮಿಲಿಗ್ರಾಂ ಸೋಪನ್ನು ತಿನ್ನುತ್ತದೆ. ಈ ಒಂದು ಅಂಕಿಯನ್ನು ತಾವು ಮರೆಯಬಾರದು.

ಒಂದು ಲೆಕ್ಕ ನೋಡೋಣ. ಎಲೆಕೋಸಿನ ವಜ್ರಬೆನ್ನಿನ ಪತಂಗದ ಹುಳುವಿಗೂ ಇತರ ಬೆಳೆಗಳ ಸಸ್ಯಹೇನುಗಳಿಗೂ ಬೇವಿನ ಬೀಜದ ಕಷಾಯ ಬಳಸುವುದುಂಟು. ಶೇಕಡ 5 ರ ಕಷಾಯಕ್ಕೆ 5 ಕಿ.ಗ್ರಾಂ. ಬೀಜದ ತಿರುಳು, 100 ಲೀಟರ್ ನೀರು ಮತ್ತು 200 ಗ್ರಾಂ ಸೋಪು ಎಂಬುದು ಬಳಕೆಯಲ್ಲಿರುವ ಪ್ರಮಾಣ. ಅಕ್ಕಪಕ್ಕದ ಇಬ್ಬರು ರೈತರು ಒಂದೇ ಬೀಜ, ಒಂದೇ ಸೋಪು ಬಳಸಿ ಇದನ್ನು ತಯಾರಿಸಿದರೆಂದು ಇಟ್ಟುಕೊಳ್ಳೋಣ. ಮೊದಲನೆಯವರದು ಕೃಷಿಹೊಂಡದ ನೀರು, ಗಡಸುತನ ಲೀಟರಿಗೆ 50 ಮಿ.ಗ್ರಾಂ. ಎರಡನೆಯವರದು ಕೊಳವೆಬಾವಿ ನೀರು, ಗಡಸುತನ 400 ಮಿ.ಗ್ರಾಂ. ಮೊದಲನೆಯವರ 100 ಲೀಟರ್ ನೀರು ತಿನ್ನುವ ಸೋಪು 30 ಗ್ರಾಂ. ಉಳಿದ 170 ಗ್ರಾಂ ಕೆಲಸಕ್ಕೆ ಸಿಗುತ್ತದೆ. ಎರಡನೆಯವರ ನೀರಿಗೆ 240 ಗ್ರಾಂ ತಿನ್ನುವ ಶಕ್ತಿಯಿದೆ. ಹಾಕಿದ್ದು 200 ಗ್ರಾಂ ಮಾತ್ರ. ಅಂದರೆ ಹಾಕಿದ ಸೋಪೆಲ್ಲವೂ ಡ್ರಮ್ಮಿನಲ್ಲಿಯೇ ತೀರಿಹೋಯಿತು. ಎಲೆಕೋಸಿನ ಮೇಲೆ ಬಿದ್ದದ್ದು ಸೋಪಿಲ್ಲದ ಕಷಾಯ. ಅದು ತಾವರೆ ಎಲೆಯ ಮೇಲಿನ ನೀರಿನಂತೆ ಉರುಳಿ ನೆಲ ಸೇರಿತು. ಇಲ್ಲಿ ಬೇವನ್ನು ದೂರಿ ಫಲವಿಲ್ಲ.

ತೊಂದರೆ ಇಲ್ಲಿಗೇ ಮುಗಿಯುವುದಿಲ್ಲ. ಈ ಗಷ್ಟು ಸಿಂಪರಣಾ ಯಂತ್ರದ ಜಾಲರಿಗೂ ಮೂತಿಗೂ ಕಟ್ಟಿಕೊಳ್ಳುತ್ತದೆ. ಆಗ ಮೂತಿ ಬಿಚ್ಚಿ ಬಾಯಿಂದ ಊದುವ ಅಭ್ಯಾಸ ಕೆಲವರಲ್ಲಿದೆ. ಇದು ಅತ್ಯಂತ ಅಪಾಯಕಾರಿ. ಎಂದಿಗೂ ಹಾಗೆ ಮಾಡಕೂಡದು.

ಕಳೆನಾಶಕಗಳಲ್ಲಿಯೂ ಗಡಸು ನೀರಿನ ಕಾಟವಿದೆ. 2,4-ಡಿ ಕಳೆನಾಶಕದ ಅಮೈನ್ ಲವಣ ಕ್ಯಾಲ್ಸಿಯಮ್ಮಿನೊಡನೆ ಸೇರಿ ಸುಲಭವಾಗಿ ಕರಗದ ರೂಪಕ್ಕೆ ತಿರುಗುತ್ತದೆ. ಕಳೆಯ ಎಲೆಯೊಳಗೆ ಇಳಿಯುವ ಪ್ರಮಾಣ ಕಡಿಮೆಯಾಗುತ್ತದೆ.

ಅನುಮಾಪನ ಎಂದರೇನು?

ಹಾಗಾದರೆ ನೀರಿನ ಗಡಸುತನವನ್ನು ತಿಳಿಯುವುದು ಹೇಗೆ? ಇದಕ್ಕೆ ಪ್ರಯೋಗಾಲಯಗಳಲ್ಲಿ ಅನುಸರಿಸುವ ಕ್ರಮಕ್ಕೆ ಅನುಮಾಪನ, ಅಂದರೆ ಟೈಟ್ರೇಷನ್ ಎಂದು ಹೆಸರು. ಹೆಸರು ದೊಡ್ಡದು, ತತ್ವ ತಕ್ಕಡಿಯದೇ. ತಕ್ಕಡಿಯ ಒಂದು ತಟ್ಟೆಯಲ್ಲಿ ತೂಕ ಗೊತ್ತಿಲ್ಲದ ಧಾನ್ಯ. ಇನ್ನೊಂದರಲ್ಲಿ ಗೊತ್ತಿರುವ ಬೊಟ್ಟು. ಮುಳ್ಳು ನಡುವೆ ನಿಂತಾಗ ಎರಡೂ ಸಮ. ಅನುಮಾಪನದಲ್ಲಿ ಪರೀಕ್ಷಿಸಬೇಕಾದ ನೀರು ಧಾನ್ಯ. ಬ್ಯುರೆಟ್ ಎಂಬ ಗುರುತು ಹಾಕಿದ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಬಿಡುವ, ಸಾಂದ್ರತೆ ಗೊತ್ತಿರುವ ದ್ರಾವಣ ಬೊಟ್ಟು. ಬಣ್ಣ ಬದಲಿಸುವ ಸೂಚಕ ದ್ರವ್ಯ ಮುಳ್ಳು.

ಅಡಿಕೆ ಬೆಳೆಗಾರರು ಈ ಕೆಲಸವನ್ನು ಹೆಸರು ತಿಳಿಯದೆಯೇ ಬಹುಕಾಲದಿಂದ ಮಾಡುತ್ತಿದ್ದಾರೆ. ಶೇಕಡ 1 ರ ಬೋರ್ಡೋ ದ್ರಾವಣಕ್ಕೆ 1 ಕಿ.ಗ್ರಾಂ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿ.ಗ್ರಾಂ. ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯುತ್ತಾರೆ. ಬಳಿಕ ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ದ್ರಾವಣದಲ್ಲಿ ಬಿಡಿ ತಾಮ್ರ ಉಳಿದಿದೆ ಎಂದರ್ಥ. ಹಾಗೆಯೇ ಸಿಂಪಡಿಸಿದರೆ ಎಳೆಯ ಭಾಗಗಳು ಸುಡುತ್ತವೆ. ಲೇಪ ಕಾಣದಾಗುವವರೆಗೆ ಸುಣ್ಣದ ನೀರು ಸೇರಿಸುತ್ತಾ ಹೋಗುತ್ತಾರೆ. ಇದೇ ಅನುಮಾಪನ. ಸುಣ್ಣದ ನೀರು ಬೊಟ್ಟು, ಚಾಕು ಮುಳ್ಳು. ಪ್ರಯೋಗಾಲಯದವರು ಮಾಡುವುದು ಇದನ್ನೇ, ಇನ್ನಷ್ಟು ಸೂಕ್ಷ್ಮವಾಗಿ.

ಪ್ರಯೋಗಾಲಯದಲ್ಲಿ ಗಡಸುತನದ ಅಳತೆ

ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಇ.ಡಿ.ಟಿ.ಎ. ವಿಧಾನ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಶ್ವಾರ್ಜೆನ್‌ಬಾಕ್ ಇದನ್ನು 1940 ರ ದಶಕದಲ್ಲಿ ರೂಪಿಸಿದರು. ಇ.ಡಿ.ಟಿ.ಎ. ಎಂಬ ವಸ್ತು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಣಗಳನ್ನು ಏಡಿಯ ಕೊಂಬಿನಂತೆ ಬಿಗಿಯಾಗಿ ಹಿಡಿಯುತ್ತದೆ. ಪರೀಕ್ಷಿಸಬೇಕಾದ 50 ಮಿ.ಲೀ. ನೀರನ್ನು ಫ್ಲಾಸ್ಕಿಗೆ ಹಾಕಿ, ಅಮೋನಿಯಾ ದ್ರಾವಣದಿಂದ ರಸಸಾರವನ್ನು 10 ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕವನ್ನು ಚಿಟಿಕೆಯಷ್ಟು ಸೇರಿಸುತ್ತಾರೆ. ಗಡಸು ನೀರು ದ್ರಾಕ್ಷಾರಸದ ಕೆಂಪು ಬಣ್ಣ ತಾಳುತ್ತದೆ. ಬ್ಯುರೆಟಿನಿಂದ 0.01 ಮೋಲಾರ್ ಇ.ಡಿ.ಟಿ.ಎ. ದ್ರಾವಣವನ್ನು ಬಿಡುತ್ತಾ ಹೋದರೆ, ಎಲ್ಲ ಕ್ಯಾಲ್ಸಿಯಂ ಮೆಗ್ನೀಸಿಯಂ ಹಿಡಿತಕ್ಕೆ ಸಿಕ್ಕಿದ ಗಳಿಗೆಯಲ್ಲಿ ಕೆಂಪು ಪೂರ್ತಿ ಅಳಿದು ಸ್ವಚ್ಛ ನೀಲಿಯಾಗುತ್ತದೆ. ಖರ್ಚಾದ ಮಿಲಿಲೀಟರುಗಳನ್ನು 20 ರಿಂದ ಗುಣಿಸಿದರೆ ಲೀಟರಿಗೆ ಇಷ್ಟು ಮಿ.ಗ್ರಾಂ. ಎಂದು ಗಡಸುತನ ಸಿಗುತ್ತದೆ. 20 ಮಿ.ಲೀ. ಖರ್ಚಾದರೆ ಗಡಸುತನ 400. ಹತ್ತು ನಿಮಿಷದ ಕೆಲಸ.

ಪರೀಕ್ಷೆಗೆ ನೀರು ಕಳುಹಿಸುವಾಗ ಕೊಳವೆಬಾವಿಯನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಶುಚಿಯಾದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಸಲ ತೊಳೆದು ತುಂಬಬೇಕು. ಔಷಧದ ಖಾಲಿ ಬಾಟಲಿ ಕೂಡದು. ಹೆಸರು, ಊರು, ಸರ್ವೆ ನಂಬರು, ದಿನಾಂಕ ಬರೆದ ಚೀಟಿ ಅಂಟಿಸಬೇಕು. ಕೃಷಿ ವಿಜ್ಞಾನ ಕೇಂದ್ರಗಳನ್ನು ಅಥವಾ ಮಣ್ಣು ಮತ್ತು ನೀರು ಪರೀಕ್ಷಾ ಪ್ರಯೋಗಾಲಯಗಳನ್ನು ವಿಚಾರಿಸಿದರೆ ಪರೀಕ್ಷೆಯ ವಿವರ ತಿಳಿಯುತ್ತದೆ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಅಂಗಡಿಗಳಲ್ಲಿ ಸಿಗುವ ಟಿ.ಡಿ.ಎಸ್. ಮೀಟರು ಗಡಸುತನ ತೋರಿಸುತ್ತದೆಂದು ಕೆಲವರು ಭಾವಿಸಿದ್ದಾರೆ. ಅದು ತೋರಿಸುವುದು ನೀರಿನಲ್ಲಿ ಕರಗಿದ ಒಟ್ಟು ಲವಣಗಳ ಅಂದಾಜನ್ನು. ಅಡಿಗೆ ಉಪ್ಪಿನಂತಹ ಸೋಡಿಯಂ ಲವಣಗಳು ಸೋಪನ್ನು ಗಷ್ಟು ಮಾಡುವುದಿಲ್ಲವಾದರೂ ಮೀಟರಿನ ಅಂಕಿಯನ್ನು ಏರಿಸುತ್ತವೆ. ಆದುದರಿಂದ ಆ ಅಂಕಿಯನ್ನು ಗಡಸುತನವೆಂದು ತಿಳಿಯಬಾರದು.

ಮನೆಯಲ್ಲಿಯೇ ಒಂದು ಅನುಮಾಪನ

ಇ.ಡಿ.ಟಿ.ಎ. ಬರುವುದಕ್ಕೆ ನೂರು ವರ್ಷ ಮೊದಲೇ, 1840 ರ ದಶಕದಲ್ಲಿ, ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಪ್ರಾಧ್ಯಾಪಕರಾಗಿದ್ದ ಥಾಮಸ್ ಕ್ಲಾರ್ಕ್ ಸೋಪಿನಿಂದಲೇ ಗಡಸುತನ ಅಳೆಯುವ ಕ್ರಮವನ್ನು ರೂಢಿಗೆ ತಂದಿದ್ದರು. ನೀರು ಎಷ್ಟು ಸೋಪನ್ನು ತಿಂದ ಮೇಲೆ ನೊರೆ ನಿಲ್ಲುತ್ತದೆ ಎಂಬುದೇ ಅದರ ಅಳತೆ. ಇದನ್ನು ಯಾರು ಬೇಕಾದರೂ ಹೀಗೆ ಮಾಡಬಹುದು.

ಮೈ ತೊಳೆಯುವ ಸೋಪನ್ನು ತುರಿದು 5 ಗ್ರಾಂ ತೂಗಿ, ಅರ್ಧ ಲೀಟರ್ ಉಗುರುಬೆಚ್ಚಗಿನ ಮಳೆನೀರಿನಲ್ಲಿ ಕರಗಿಸಬೇಕು. ಮುಚ್ಚಳವಿರುವ ಎರಡು ಗಾಜಿನ ಬಾಟಲಿ ತೆಗೆದುಕೊಂಡು ಒಂದಕ್ಕೆ 100 ಮಿ.ಲೀ. ಮಳೆನೀರು, ಇನ್ನೊಂದಕ್ಕೆ 100 ಮಿ.ಲೀ. ಕೊಳವೆಬಾವಿ ನೀರು ಹಾಕಬೇಕು. ಸಿರಿಂಜಿನಿಂದ ಸೋಪಿನ ದ್ರಾವಣವನ್ನು ಒಂದೊಂದು ಮಿ.ಲೀ. ಸೇರಿಸಿ, ಪ್ರತಿ ಸಲವೂ ಮುಚ್ಚಿ ಚೆನ್ನಾಗಿ ಕುಲುಕಿ, ಬಾಟಲಿಯನ್ನು ಮಲಗಿಸಿ ಇಡಬೇಕು. ನೊರೆ ಐದು ನಿಮಿಷ ಅಳಿಯದೆ ನಿಂತರೆ ಅದೇ ಕೊನೆಯ ಹಂತ. ಎರಡು ನೀರಿಗೂ ಹಿಡಿದ ಸೋಪಿನ ವ್ಯತ್ಯಾಸವೇ ಗಡಸುತನದ ಅಳತೆ. ಹೆಚ್ಚಾಗಿ ಹಿಡಿದ ಪ್ರತಿ ಮಿ.ಲೀ. ಗೆ ಲೀಟರಿಗೆ 12 ರಿಂದ 15 ಮಿ.ಗ್ರಾಂ. ಗಡಸುತನವೆಂದು ಸ್ಥೂಲವಾಗಿ ಎಣಿಸಬಹುದು. ಸೋಪಿನ ಗುಣಕ್ಕೆ ತಕ್ಕಂತೆ ಈ ಅಂಕಿ ಬದಲಾಗುತ್ತದೆ. ಇದು ಪ್ರಯೋಗಾಲಯದ ಅಳತೆಗೆ ಬದಲಿಯಲ್ಲ. ಆದರೆ ಹೊಂಡದ ನೀರು, ಕೆರೆಯ ನೀರು, ಎರಡು ಕೊಳವೆಬಾವಿಗಳ ನೀರು ಇವುಗಳಲ್ಲಿ ಸಿಂಪರಣೆಗೆ ಯಾವುದು ಮೇಲು ಎಂದು ಆರಿಸಲು ಧಾರಾಳವಾಗಿ ಸಾಕು.

ಸೋಪಿನಲ್ಲಿ ಸೋಪೆಷ್ಟು?

ನೀರಿನಂತೆ ಸೋಪನ್ನೂ ಪರೀಕ್ಷಿಸಬೇಕು. ಬಿಲ್ಲೆಯ ತೂಕವೆಲ್ಲ ಸೋಪಲ್ಲ. ಅದರಲ್ಲಿ ನೀರಿನ ಅಂಶವೂ ಇತರ ವಸ್ತುಗಳೂ ಇರುತ್ತವೆ. ಪ್ರಯೋಗಾಲಯದಲ್ಲಿ ಸೋಪನ್ನು ಕರಗಿಸಿ ಆಮ್ಲ ಸೇರಿಸಿದಾಗ ಕೊಬ್ಬಿನಾಮ್ಲಗಳು ಬೇರೆಯಾಗಿ ತೇಲುತ್ತವೆ. ಅವನ್ನು ತೆಗೆದು, ಒಣಗಿಸಿ, ತೂಗಿ ಶೇಕಡವಾರು ಲೆಕ್ಕ ಹಾಕುತ್ತಾರೆ. ಸೋಪಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಮುದ್ರಿಸುವುದು ಈ ಅಂಕಿಯನ್ನೇ. ಭಾರತೀಯ ಮಾನಕದ ಪ್ರಕಾರ ಮೈ ಸೋಪಿನ ಮೊದಲ ದರ್ಜೆಗೆ ಇದು ಶೇಕಡ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಕ್ಕೆ ಕಡಿಮೆಯಿರಬಾರದು. ಸಿಂಪರಣೆಗೆ ಸೋಪು ಕೊಳ್ಳುವಾಗ ಇದನ್ನು ಓದಿ ಕೊಳ್ಳಬೇಕು.

ಡಿಟರ್ಜೆಂಟುಗಳನ್ನು ಅಳೆಯುವ ಕ್ರಮ ಬೇರೆ. ಡಿಟರ್ಜೆಂಟಿನ ಕಣಕ್ಕೆ ಋಣ ವಿದ್ಯುದಂಶವಿರುವುದರಿಂದ ಅದನ್ನು ಧನ ಜಾತಿಯ ವಸ್ತುವಿನಿಂದ ಸರಿತೂಗಿಸುತ್ತಾರೆ. ಒಂದೇ ಪಾತ್ರೆಯಲ್ಲಿ ಮೇಲೆ ನೀರು, ಕೆಳಗೆ ಕ್ಲೋರೊಫಾರಂ ಹೀಗೆ ಎರಡು ಪದರವಿರುತ್ತದೆ. ಎರಡು ಬಣ್ಣಗಳ ಮಿಶ್ರ ಸೂಚಕ ಬಳಸಿದಾಗ ಕೆಳಪದರ ಮೊದಲು ಗುಲಾಬಿಯಾಗಿರುತ್ತದೆ. ಬ್ಯುರೆಟಿನಿಂದ ಧನ ಜಾತಿಯ ದ್ರಾವಣವನ್ನು ಬಿಟ್ಟು ಬಿಟ್ಟು ಕುಲುಕುತ್ತಾ ಹೋದರೆ ಗುಲಾಬಿ ಮಾಸಿ ಬೂದು ಬಣ್ಣವಾಗುತ್ತದೆ. ಅದೇ ಸಮತೂಕದ ಹಂತ. ಒಂದು ಹನಿ ಮೀರಿದರೂ ನೀಲಿಗೆ ತಿರುಗುತ್ತದೆ. ಎರಡು ಪದರಗಳ ಈ ಅನುಮಾಪನಕ್ಕೆ ದಾರಿ ಹಾಕಿದವರು ಎಪ್ಟನ್. ಅವರ ವಿಧಾನ ಪ್ರಕಟವಾದದ್ದು 1947 ರಲ್ಲಿ. ಪುಡಿಯ ಪೊಟ್ಟಣದಲ್ಲಿ ಕೆಲಸ ಮಾಡುವ ಅಂಶ ಎಷ್ಟಿದೆ ಎಂಬುದು ಇದರಿಂದ ತಿಳಿಯುತ್ತದೆ. ಉಳಿದದ್ದರಲ್ಲಿ ಬಹುಭಾಗ ವಾಷಿಂಗ್ ಸೋಡ ಮತ್ತು ಇತರ ಲವಣಗಳು.

ಬಟ್ಟೆ ಪುಡಿ ಗಡಸು ನೀರಿನಲ್ಲಿ ಸೋಪಿನಷ್ಟು ಬೇಗ ಸೋಲುವುದಿಲ್ಲ ಎಂಬುದು ನಿಜ. ಆದರೆ ಅದರಲ್ಲಿರುವ ಸೋಡ ದ್ರಾವಣವನ್ನು ಕ್ಷಾರೀಯವಾಗಿಸುತ್ತದೆ. ಬೇವಿನ ಮುಖ್ಯ ಸತ್ವವಾದ ಅಜಾಡಿರಕ್ಟಿನ್ ಕ್ಷಾರದಲ್ಲಿ ಬೇಗ ನಾಶವಾಗುತ್ತದೆ. ಆದುದರಿಂದ ಬೇವಿನೊಡನೆ ಬಟ್ಟೆ ಪುಡಿಯನ್ನು ಹಿಡಿಗಟ್ಟಲೆ ಸುರಿಯುವುದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ.

ಗಷ್ಟೇ ಗುಣವಾಗುವ ಒಂದು ಸಂದರ್ಭ

ಮಲೆನಾಡಿನ ಅಡಿಕೆ ತೋಟದಲ್ಲಿ ಇದೇ ಕ್ರಿಯೆ ರೈತನ ಪರವಾಗಿ ನಡೆಯುತ್ತದೆ. ಕೊಳೆರೋಗಕ್ಕೆ ಫೈಟಾಫ್ಥೊರ ಜಾತಿಯ ಶಿಲೀಂಧ್ರವೇ ಕಾರಣವೆಂಬ ಅಧ್ಯಯನವನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ 1910 ರಲ್ಲಿ ಪ್ರಕಟಿಸಿದರು. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿದ್ದ ಕಾಲದಲ್ಲಿ ಬೋರ್ಡೋ ಸಿಂಪರಣೆಯನ್ನು ಬಳಕೆಗೆ ತಂದ ಕೀರ್ತಿ ಅವರದು. ಈ ದ್ರಾವಣಕ್ಕೆ ರಾಳ ಮತ್ತು ಸೋಡ ಕುದಿಸಿ ತಯಾರಿಸಿದ ಅಂಟನ್ನು ಸೇರಿಸುವುದು ರೂಢಿಯಲ್ಲಿದೆ. ಅದು ವಾಸ್ತವವಾಗಿ ರಾಳದ ಸೋಪು. ಬೋರ್ಡೋ ದ್ರಾವಣದ ಸುಣ್ಣದೊಡನೆ ಸೇರಿ ಅದು ನೀರಿನಲ್ಲಿ ಕರಗದ ಅಂಟು ಗಷ್ಟಾಗಿ ಕಾಯಿಯ ಮೇಲೆ ಕೂರುತ್ತದೆ, ತಾಮ್ರವನ್ನು ಮಳೆಯಲ್ಲಿ ತೊಳೆದುಹೋಗದಂತೆ ಹಿಡಿಯುತ್ತದೆ. ಹರಡುವುದು ಒಂದು ಕೆಲಸ, ಅಂಟಿಕೊಳ್ಳುವುದು ಇನ್ನೊಂದು. ಎಲೆಕೋಸಿನ ಹುಳುವಿಗೆ ಹರಡುವಿಕೆ ಮುಖ್ಯ. ಆಷಾಢದ ಮಳೆಯಲ್ಲಿ ನಿಲ್ಲಬೇಕಾದ ಬೋರ್ಡೋ ದ್ರಾವಣಕ್ಕೆ ಅಂಟು ಮುಖ್ಯ. ಯಾವ ಕೆಲಸಕ್ಕೆ ಯಾವುದು ಬೇಕೆಂದು ತಿಳಿದು ಆರಿಸಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಸಿಂಪರಣೆಗೆ ಸಾಧ್ಯವಾದಷ್ಟು ಮಳೆನೀರು ಅಥವಾ ಕೃಷಿಹೊಂಡದ ತಿಳಿನೀರು ಬಳಸಬೇಕು. ಒಂದು ಎಕರೆಗೆ ಬೇಕಾಗುವ 200 ಲೀಟರ್ ನೀರನ್ನು ಚಾವಣಿಯಿಂದ ಡ್ರಮ್ಮಿನಲ್ಲಿ ಹಿಡಿದಿಡುವುದು ಕಷ್ಟವಲ್ಲ. ಕದಡಿದ ಕೆರೆನೀರನ್ನು ತಿಳಿಯಾಗಿಸಿ ಬಟ್ಟೆಯಲ್ಲಿ ಸೋಸಬೇಕು.

2. ಗಡಸುತನ 150 ರಿಂದ 200 ಮಿ.ಗ್ರಾಂ. ಮೀರಿದ ನೀರಿನಲ್ಲಿ ಸೋಪನ್ನು ನೆಚ್ಚಬಾರದು. ತಟಸ್ಥ ಜಾತಿಯ ಅಂಟು ದ್ರಾವಣವನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲಿ ಬಳಸಬೇಕು. ಅದರ ಕಣಕ್ಕೆ ವಿದ್ಯುದಂಶವಿಲ್ಲದ ಕಾರಣ ಕ್ಯಾಲ್ಸಿಯಂ ಅದನ್ನು ಗಷ್ಟು ಮಾಡಲಾರದು. ಅಂಟುವಾಳದ ಕಾಯಿಯ ನೊರೆಯೂ ಗಡಸು ನೀರಿನಲ್ಲಿ ಸೋಪಿನಷ್ಟು ಕೆಡುವುದಿಲ್ಲ.

3. ಗಡಸು ನೀರಿಗೆ ಸೋಪನ್ನೇ ಇಮ್ಮಡಿ ಮುಮ್ಮಡಿ ಸುರಿದು ಸರಿಪಡಿಸಲು ಹೋಗಬಾರದು. ಗಷ್ಟು ಹೆಚ್ಚಿ ಮೂತಿ ಕಟ್ಟುತ್ತದೆ.

4. ಹೊಸ ಮಿಶ್ರಣವನ್ನು ಡ್ರಮ್ಮಿನಲ್ಲಿ ಮಾಡುವ ಮೊದಲು, ಅದೇ ನೀರಿನಲ್ಲಿ ಅದೇ ಪ್ರಮಾಣದಂತೆ ಒಂದು ಲೀಟರ್ ಮಾತ್ರ ಗಾಜಿನ ಜಾಡಿಯಲ್ಲಿ ಬೆರೆಸಿ ಅರ್ಧ ಗಂಟೆ ಇಟ್ಟು ನೋಡಬೇಕು. ಮೊಸರು ಒಡೆದಂತಾದರೆ, ಎಣ್ಣೆ ಮೇಲೆ ತೇಲಿದರೆ ಅದನ್ನು ಸಿಂಪಡಿಸಬಾರದು. ಆ ಜಾಡಿಯನ್ನು ಬೇರೆ ಯಾವ ಕೆಲಸಕ್ಕೂ ಬಳಸಬಾರದು. ಕೈಗವಸು ಧರಿಸಿ, ಕೋಲಿನಿಂದ ಕಲಕಬೇಕು.

5. ಅಂಟು ದ್ರಾವಣ ಬೆರೆಸಿದ ನೀರನ್ನು ಔಷಧ ಸೇರಿಸುವ ಮೊದಲು ಬೆಳೆಯ ಒಂದೆರಡು ಎಲೆಗಳ ಮೇಲೆ ಸಿಂಪಡಿಸಿ ನೋಡಬೇಕು. ಹನಿ ಮುತ್ತಿನಂತೆ ನಿಂತರೆ ಅಂಟು ಸಾಲದು. ಅಂಚಿನಿಂದ ಧಾರೆಯಾಗಿ ಸೋರಿದರೆ ಹೆಚ್ಚಾಗಿದೆ. ಹರಡಿ ಹಾಗೆಯೇ ನಿಂತರೆ ಸರಿಯಾಗಿದೆ.

6. ಸಿಂಪರಣೆ ಫಲ ಕೊಡದಿದ್ದಾಗ ಔಷಧದ ಪ್ರಮಾಣ ಹೆಚ್ಚಿಸುವ ಮುನ್ನ ನೀರನ್ನು ಪರೀಕ್ಷಿಸಬೇಕು. ನೀರು ಸರಿಯಾಗಿದ್ದೂ ಹುಳು ಸಾಯದಿದ್ದರೆ, ಔಷಧದ ಗುಣಮಟ್ಟವನ್ನೂ ಹುಳು ಔಷಧಕ್ಕೆ ಒಗ್ಗಿಕೊಂಡಿದೆಯೇ ಎಂಬುದನ್ನೂ ಕೃಷಿ ಅಧಿಕಾರಿಗಳ ಅಥವಾ ವಿಜ್ಞಾನಿಗಳ ನೆರವಿನಿಂದ ತಿಳಿದುಕೊಳ್ಳಬೇಕು.

ರೈತ ಬಾಂಧವರೇ, ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವ ಪದ್ಧತಿ ಹಳ್ಳಿ ಹಳ್ಳಿಗೂ ಬಂದಿದೆ. ಸಿಂಪರಣೆಯ ನೀರಿಗೂ ಆ ಮರ್ಯಾದೆ ಸಲ್ಲಬೇಕು. ಬೋರ್ಡೋ ದ್ರಾವಣದಲ್ಲಿ ಚಾಕು ಅದ್ದಿ ನೋಡದೆ ಮರ ಹತ್ತದ ಅಡಿಕೆ ಬೆಳೆಗಾರನ ಎಚ್ಚರ ಬಯಲುಸೀಮೆಯ ಎಲೆಕೋಸಿನ ಹೊಲಕ್ಕೂ ಬಂದರೆ, ಔಷಧದ ಹಣ ಉಳಿಯುತ್ತದೆ, ಬೆಳೆ ಉಳಿಯುತ್ತದೆ, ಸಿಂಪಡಿಸುವವನ ಆರೋಗ್ಯವೂ ಉಳಿಯುತ್ತದೆ. ಒಂದು ಸಿರಿಂಜು, ಎರಡು ಬಾಟಲಿ, ಐದು ಗ್ರಾಂ ಸೋಪು ಇಷ್ಟು ಇದ್ದರೆ ಈ ಕೆಲಸವನ್ನು ಮುಂದಿನ ಸಿಂಪರಣೆಗೆ ಮೊದಲೇ ಆರಂಭಿಸಬಹುದು.